ಅಪ್‌ಡೇಟ್: ಕೊನೆಗೂ ಕಾರಿನ ರಿಮೋಟ್ ಬ್ಯಾಟರಿ ಸತ್ತೇ ಹೋಯಿತು

ಕೀಲೆಸ್ ಕಾರಿನ (ಕೀ ತಿರುಗಿಸದೆ ಬಟನ್ ಒತ್ತಿ ಸ್ಟಾರ್ಟ್ ಮಾಡುವಂಥದ್ದು) ರಿಮೋಟ್ ಬ್ಯಾಟರಿ ಖಾಲಿಯಾದರೆ ಬಾಗಿಲು ತೆರೆಯುವುದು ಹೇಗೆ, ಎಂಜಿನ್ ಸ್ಟಾರ್ಟ್ ಮಾಡುವುದು ಹೇಗೆ ಅಂತ ಹೋದ ವಾರ ಕೇಳಿದ್ದೆ ಅಲ್ವಾ? ಶನಿವಾರ ಸಂಜೆ ಬೇಕಲ ಕೋಟೆ ನೋಡಿ ಬರುವಷ್ಟರಲ್ಲಿ ಅದೇ ಆಯಿತು. ಜೋರು ಮಳೆ ಬೇರೆ, ಜೊತೆಗೆ ಅಮ್ಮ.

ನೀವು ಹೇಳಿದ್ದು ನೆನಪಾಯಿತು. ರಿಮೋಟಿನ ಬದಿಯ ಸಣ್ಣ ಗುಂಡಿ ಒತ್ತಿ ಎಳೆದೆ, ಒಳಗಿಂದ ಲೋಹದ ಕೀ ಬಂತು. ಡ್ರೈವರ್ ಬಾಗಿಲಿನ ಹಿಡಿಯ ಪಕ್ಕ, ಪ್ಲಾಸ್ಟಿಕ್ ಮುಚ್ಚಳದ ಹಿಂದೆ ಕೀ ಹಾಕುವ ತೂತು ಇತ್ತು. ಬಾಗಿಲು ತೆರೆದ ಕೂಡಲೇ ಅಲಾರಂ ಕಿರುಚಿತು. ಅದಕ್ಕೆ ಗಾಬರಿಯಾಗಬೇಡಿ. ಬ್ರೇಕ್ ತುಳಿದು, ರಿಮೋಟನ್ನೇ ಸ್ಟಾರ್ಟ್ ಬಟನ್‌ಗೆ ತಾಗಿಸಿ ಒತ್ತಿದೆ. ಎಂಜಿನ್ ಸ್ಟಾರ್ಟ್ ಆಯಿತು, ಅಲಾರಂ ನಿಂತಿತು. ರಿಮೋಟಿನ ಒಳಗಿನ ಚಿಪ್‌ಗೆ ಬ್ಯಾಟರಿಯೇ ಬೇಡ. ತೀರಾ ಹತ್ತಿರ ಹಿಡಿದರೆ ಅದಕ್ಕೆ ಬೇಕಾದ ಶಕ್ತಿಯನ್ನು ಕಾರೇ ಕೊಡುತ್ತದೆ. ಕೆಲವು ಕಾರುಗಳಲ್ಲಿ ರಿಮೋಟ್ ಇಡುವ ಜಾಗ ಬೇರೆ ಇರುತ್ತದೆ, ಮ್ಯಾನುಯಲ್ ನೋಡಿಕೊಳ್ಳಿ.

ಮರುದಿನ ಕಾಸರಗೋಡು ಪೇಟೆಯ ವಾಚ್ ಅಂಗಡಿಯಲ್ಲಿ ರಿಮೋಟಿಗೆ ಸಿಆರ್2032 ಅನ್ನುವ, ನಾಣ್ಯದ ಹಾಗಿರುವ ಸೆಲ್ ಕೊಂಡೆ. ಮೊದಲು ಸಿಆರ್2025 ಕೊಟ್ಟಿದ್ದರು. ಎರಡೂ 3 ವೋಲ್ಟ್, ಅಗಲವೂ ಒಂದೇ. ಆದರೆ ಅದರ ದಪ್ಪ 2.5 ಮಿ.ಮೀ., ನನಗೆ ಬೇಕಾದದ್ದು 3.2. ಹಳೆಯ ಸೆಲ್ ಒಯ್ದದ್ದು ಒಳ್ಳೆಯದಾಯಿತು. ತೆಗೆದ ಸೆಲ್ ಮಾತ್ರ ಮಕ್ಕಳ ಕೈಗೆ ಸಿಗಬಾರದು. ನುಂಗಿದರೆ ಅನ್ನನಾಳ ಸುಟ್ಟುಹೋಗುತ್ತದೆ, ಖಾಲಿ ಸೆಲ್ ಆದರೂ ಅಪಾಯವೇ.

ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್. ಆ ಮಳೆಯಲ್ಲಿ ಅಮ್ಮನನ್ನು ಜಾಸ್ತಿ ಹೊತ್ತು ನಿಲ್ಲಿಸಬೇಕಾಗಲಿಲ್ಲ.