ಕೀಲಿ ಅಂದರೆ ಯಾವುದು, ಟೊಪ್ಪಿಗೆಯೋ ಸ್ವಿಚ್ಚೋ?

ಗೆಳೆಯರೇ,

ಹೋದ ವಾರ ಬಿಡಿಭಾಗಗಳ ಕಿಟ್ ತರಿಸಿಕೊಂಡು ಮನೆಯಲ್ಲೇ ಒಂದು ಮೆಕ್ಯಾನಿಕಲ್ ಕೀಬೋರ್ಡ್ ಜೋಡಿಸಿದೆ. ಜೋಡಿಸೋದು ಅಷ್ಟೇನೂ ಕಷ್ಟವಾಗಲಿಲ್ಲ, ಅದನ್ನ ಕನ್ನಡದಲ್ಲಿ ಹೇಳೋಕೆ ಹೋಗಿ ತಿಣುಕಾಡಿದೆ. ಒಂದು ಕಡೆ ಒತ್ತಿದರೆ ಅಕ್ಷರವೇ ಬೀಳುತ್ತಿರಲಿಲ್ಲ. ತಮ್ಮನಿಗೆ ಫೋನ್ ಮಾಡಿ 'ಒಂದು ಕೀಲಿ ಕೈಕೊಟ್ಟಿದೆ ಕಣೋ' ಅಂದೆ. 'ಕಿತ್ತು ಬೇರೆ ಹಾಕು' ಅಂದ. ನಾನು ಅಕ್ಷರ ಬರೆದಿರುವ ಟೊಪ್ಪಿಗೆ ಕಿತ್ತು ಬೇರೆ ಹಾಕಿದೆ, ಅವನು ಹೇಳಿದ್ದು ಅದರ ಕೆಳಗಿನ ಸ್ವಿಚ್ಚು. ಹತ್ತು ನಿಮಿಷ ಇಬ್ಬರೂ ಬೇರೆ ಬೇರೆ ವಸ್ತುವಿನ ಬಗ್ಗೆ ಜಗಳವಾಡಿದ್ದೇವೆ! ಕೊನೆಗೆ ನೋಡಿದರೆ ಸ್ವಿಚ್ಚಿನ ಎರಡು ಲೋಹದ ಕಾಲುಗಳಲ್ಲಿ ಒಂದು ತೂತಿಗೆ ಇಳಿಯದೆ ಮಡಚಿಕೊಂಡಿತ್ತು. ಚಿಮುಟದಿಂದ ನೆಟ್ಟಗೆ ಮಾಡಿದ ಮೇಲೆ ಸರಿಹೋಯಿತು.

ಹಾಗಾಗಿ ಮೊದಲ ಪ್ರಶ್ನೆ ಇದೇ. ಕೀಲಿಮಣೆ ಅನ್ನೋ ಪದ ಚೆನ್ನಾಗಿ ನೆಲೆಯೂರಿದೆ, ಅದರಲ್ಲಿ ತಕರಾರಿಲ್ಲ. ಆದರೆ ಬಿಚ್ಚಿ ಜೋಡಿಸೋಕೆ ಕೂತಾಗ ಒಂದು 'ಕೀಲಿ' ಎರಡು ವಸ್ತುವಾಗುತ್ತದೆ. ಈ ಕೀಲಿಯೋ, ಮೊದಲೇ ಹೊರೆ ಹೊತ್ತಿರುವ ಪದ. ಕೆಲವರಿಗೆ ಕೀಲಿ ಅಂದರೆ ಬೀಗ, ಕೆಲವರಿಗೆ ಬೀಗದ ಕೈ, ಗಡಿಯಾರಕ್ಕೆ ಕೊಡುವುದೂ ಕೀಲಿಯೇ. ಮೇಲಿನದಕ್ಕೆ 'ಟೊಪ್ಪಿಗೆ', ಕೆಳಗಿನದಕ್ಕೆ 'ಸ್ವಿಚ್ಚು', ಎರಡೂ ಸೇರಿದರೆ 'ಕೀಲಿ' ಅಂತ ನಾನು ಬಳಸುತ್ತಿದ್ದೇನೆ. 'ಗುಂಡಿ' ಬೇಡ ಅನ್ನಿಸಿತು, ಅದು ಅಂಗಿಗೂ ಸಲ್ಲುತ್ತದೆ, ಹಳ್ಳಕ್ಕೂ ಸಲ್ಲುತ್ತದೆ.

ಎರಡನೆಯದು 'ಮೆಕ್ಯಾನಿಕಲ್'. 'ಯಾಂತ್ರಿಕ ಕೀಲಿಮಣೆ' ಅಂತ ಬರೆದರೆ ನನಗೆ ಮುಜುಗರ. ನಮ್ಮಲ್ಲಿ ಯಾಂತ್ರಿಕ ಬದುಕು ಅಂದರೆ ಜೀವವಿಲ್ಲದ ಬದುಕು ಅಲ್ವಾ? ಜನ ಇದನ್ನ ಕೊಳ್ಳೋದು ಒತ್ತಿದಾಗ ಬೆರಳಿಗೆ ಸಿಗುವ ಸುಖಕ್ಕೆ. ಮಾಮೂಲಿ ಕೀಬೋರ್ಡಿನಲ್ಲಿ ಎಲ್ಲ ಕೀಲಿಗಳ ಅಡಿಯೂ ಸಾಮಾನ್ಯವಾಗಿ ಒಂದೇ ರಬ್ಬರ್ ಹಾಳೆ, ಇದರಲ್ಲಿ ಒಂದೊಂದಕ್ಕೂ ಸ್ಪ್ರಿಂಗ್ ಇರುವ ತನ್ನದೇ ಸ್ವಿಚ್ಚು, ವ್ಯತ್ಯಾಸ ಅಷ್ಟೇ. ಕೀಲುಗೊಂಬೆಯ ಕೀಲನ್ನೇ ತಂದು 'ಕೀಲುಮಣೆ' ಅನ್ನಬಹುದಾ ಅಂತ ಯೋಚಿಸಿದೆ. ಪದ ಮುದ್ದಾಗಿದೆ, ಆದರೆ ಓದುವವರು ಅಚ್ಚಿನ ತಪ್ಪು ಅಂದುಕೊಂಡು ತಿದ್ದಿಬಿಡುತ್ತಾರೆ.

ನಿಜವಾದ ಗೋಳು ಸ್ವಿಚ್ಚಿನ ಮೂರು ಜಾತಿಗಳದ್ದು: ಲೀನಿಯರ್, ಟ್ಯಾಕ್ಟೈಲ್, ಕ್ಲಿಕ್ಕಿ. ಒಂದು ಕಡೆ 'ರೇಖೀಯ, ಸ್ಪರ್ಶಸಂವೇದಿ' ಅಂತ ಅನುವಾದ ಕಂಡೆ. ಸ್ಪರ್ಶ ಅಂದ ಕೂಡಲೇ ಮನಸ್ಸು ಟಚ್ ಸ್ಕ್ರೀನಿಗೆ ಓಡುತ್ತದೆ, ಅದಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಟ್ಯಾಕ್ಟೈಲ್ ಅಂದರೆ ಒತ್ತುವ ದಾರಿಯ ನಡುವೆ ಬೆರಳಿಗೆ ಸಣ್ಣದೊಂದು ತಡೆ ಸಿಕ್ಕು, ದಾಟಿದ ಮೇಲೆ ಸಡಿಲವಾಗೋದು. ರಸ್ತೆಯುಬ್ಬು ಎಲ್ಲರಿಗೂ ಗೊತ್ತು, ಹಾಗಾಗಿ 'ಉಬ್ಬು ಸ್ವಿಚ್ಚು' ಸಾಕಲ್ವಾ? ಯಾವ ತಡೆಯೂ ಇಲ್ಲದೆ ತಳದವರೆಗೆ ಇಳಿಯುವ ಲೀನಿಯರ್‌ಗೆ 'ಸಲೀಸು ಸ್ವಿಚ್ಚು'. ಉಬ್ಬಿನ ಜತೆ ಸದ್ದನ್ನೂ ಮಾಡೋದಕ್ಕೆ 'ಚಿಟಿಕೆ ಸ್ವಿಚ್ಚು'.

ಇನ್ನು ಆಕ್ಚುಯೇಶನ್ ಪಾಯಿಂಟ್. ಚೆರಿ ಎಂಎಕ್ಸ್ ರೆಡ್ ಅನ್ನೋ ಸಲೀಸು ಸ್ವಿಚ್ಚು ಒಟ್ಟು 4 ಮಿ.ಮೀ. ಇಳಿಯುತ್ತದೆ, ಆದರೆ 2 ಮಿ.ಮೀ. ಇಳಿದಾಗಲೇ ಅಕ್ಷರ ಮೂಡಿರುತ್ತದೆ. ಇದಕ್ಕೆ 'ಸಕ್ರಿಯಣ ಬಿಂದು' ಅನ್ನೋರು ಅನ್ನಲಿ, ನಾನು 'ಅಕ್ಷರ ಬೀಳುವ ಆಳ' ಅಂತಲೇ ಬರೆಯೋದು. ಉದ್ದವಾಯಿತು, ಆದರೆ ಯಾರಿಗೂ ಎರಡನೇ ಸಲ ಹೇಳಬೇಕಾಗಿಲ್ಲ.

ಸ್ಟೆಬಿಲೈಸರ್ ಅಂದರೆ ಮನೆಯವರಿಗೆ ಫ್ರಿಜ್ಜಿನ ಪಕ್ಕದ ಡಬ್ಬ ನೆನಪಾಗುತ್ತದೆ. ಇಲ್ಲಿ ಅದು ಸ್ಪೇಸ್ ಬಾರಿನಂಥ ಉದ್ದದ ಕೀಲಿಯನ್ನ ಒಂದು ತುದಿಯಲ್ಲಿ ಒತ್ತಿದರೂ ವಾಲದಂತೆ ಹಿಡಿಯುವ ತಂತಿ. 'ಆಸರೆ ತಂತಿ' ಹೇಗೆ? ಅದಕ್ಕೆ ಗ್ರೀಸ್ ಸವರದಿದ್ದರೆ ಲಟಲಟ ಅನ್ನುತ್ತೆ, ಎರಡು ಸಲ ಬಿಚ್ಚಿ ಹಾಕಿದ ಅನುಭವದಿಂದ ಹೇಳುತ್ತಿದ್ದೇನೆ. ಸೋಲ್ಡರಿಂಗ್‌ಗೆ 'ಬೆಸುಗೆ' ಇದ್ದೇ ಇದೆ. ಬೆಸುಗೆಯಿಲ್ಲದೆ ಸ್ವಿಚ್ಚನ್ನ ಸುಮ್ನೆ ಒತ್ತಿ ಕೂರಿಸುವ ಹಾಟ್‌ಸ್ವಾಪ್ ಬೋರ್ಡಿಗೆ 'ಸಿಕ್ಕಿಸುವ ಬೋರ್ಡು' ಅಂದುಕೊಂಡಿದ್ದೇನೆ.

ಕೊನೆಯದಾಗಿ, ಈ ಹವ್ಯಾಸದವರು ತುಂಬ ಇಷ್ಟಪಡುವ ಒಂದು ಸದ್ದಿದೆ. ಇಂಗ್ಲಿಷಿನಲ್ಲಿ 'ಥಾಕ್' ಅನ್ನುತ್ತಾರೆ, ಕೀರಲು ಇಲ್ಲದ, ತುಂಬಿಕೊಂಡ, ತಗ್ಗಿನ ಸದ್ದು. ಅನುಕರಣ ಪದಗಳಿಗೆ ನಮ್ಮಲ್ಲಿ ಬರವೇ? ಟಕಟಕ ತೆಳುವಾಯಿತು, ದಬದಬ ಜಾಸ್ತಿಯಾಯಿತು, ಕಟಕಟ ಅಂದರೆ ಹಲ್ಲು ಕಡಿದ ಹಾಗೆ. ನನ್ನ ಕಿವಿಗೆ 'ಟೊಕ್' ಹತ್ತಿರ ಅನ್ನಿಸುತ್ತೆ, ಆದರೆ ಅದನ್ನ ಎರಡು ಸಲ ಹೇಳಿದರೆ ಬಾಗಿಲು ತಟ್ಟಿದ ಹಾಗಾಗುತ್ತದೆ. ಮರದ ಮೇಜಿನ ಮೇಲೆ ಬೆರಳ ಗೆಣ್ಣಿನಿಂದ ಮೆಲ್ಲಗೆ ಒಂದೇ ಸಲ ಕುಟ್ಟಿ ನೋಡಿ. ಆ ಸದ್ದನ್ನ ನಿಮ್ಮ ಕಡೆ ಏನಂತಾರೆ?