ಮಾತು ಕಮ್ಮಿ ಇರೋರಿಗೆ ಯಾವ ಊರು ಸರಿ ಹೋಗತ್ತೆ?

ತೀರ್ಥಹಳ್ಳಿ ಹುಡುಗಿ:
ಶಿವಮೊಗ್ಗದಲ್ಲಿ ಬಿಕಾಂ ಮುಗೀತು, ಇನ್ನು ಕೆಲಸಕ್ಕೆ ಅಂತ ಊರು ಬಿಡ್ಲೇಬೇಕು. ನಂಗೆ ಜನ ಜಾಸ್ತಿ ಇದ್ರೆ ಸುಸ್ತಾಗಿ ಬಿಡತ್ತೆ, ಮದುವೆ ಮನೇಲೂ ಊಟ ಆದ್ಮೇಲೆ ಹಿಂದ್ಗಡೆ ತೋಟಕ್ಕೆ ಹೋಗಿ ಅಡಿಕೆ ಮರದ ಬುಡದಲ್ಲಿ ಸ್ವಲ್ಪ ಹೊತ್ತು ಕೂತು ಬಂದ್ರೇನೇ ಸಮಾಧಾನ. ಮನೇಲಿ ಎಲ್ರೂ ಬೆಂಗಳೂರು ಅಂತಾರೆ, ನಂಗೆ ಮೈಸೂರೋ ಮಂಗಳೂರೋ ಅನ್ನಿಸ್ತಿದೆ. ಏನ್ ಮಾಡ್ಲಿ?

ಸಾಗರದವ:
ಬೆಂಗಳೂರಿಗೆ ಹೆದರ್ಬೇಡಿ. ಅಲ್ಲಿ ಯಾರೂ ‘ಯಾರ ಮನೆಯವ್ರು, ಯಾಕೆ ಮಾತಾಡಲ್ಲ’ ಅಂತ ಕೇಳಲ್ಲ, ಅದೇ ದೊಡ್ಡ ನೆಮ್ಮದಿ. ಕಷ್ಟ ಆಗೋದು ಪಿಜಿಲಿ. ನಾನು ಮೂರು ಜನರ ರೂಮಲ್ಲಿದ್ದಾಗ ಅಮ್ಮನ ಹತ್ರ ಫೋನಲ್ಲಿ ಮಾತಾಡಕ್ಕೂ ಟೆರೇಸ್ ಹತ್ತಿ ನೀರಿನ ಟ್ಯಾಂಕ್ ಪಕ್ಕ ನಿಂತ್ಕೋತಿದ್ದೆ, ಒಂದು ವರ್ಷ ಹಂಗೇ ಕಳೆದೆ. ಬಾಡಿಗೆ ಜಾಸ್ತಿ ಆದ್ರೂ ಸಿಂಗಲ್ ರೂಮೇ ತಗೊಳ್ಳಿ. ವೈಟ್‌ಫೀಲ್ಡ್ ಕಡೆ ಕೆಲಸ ಸಿಕ್ರೆ ನೇರಳೆ ಮೆಟ್ರೊ 2023ರಿಂದ ಚಲ್ಲಘಟ್ಟದ ತನಕ ಪೂರ್ತಿ ಓಡ್ತಿದೆ, ಕಿವಿಗೆ ಇಯರ್‌ಫೋನ್ ಹಾಕ್ಕೊಂಡು ಕೂತ್ರೆ ಆಯ್ತು.

ಹೊಸನಗರದ ಅಕ್ಕ:
ನಾನು ಆರು ವರ್ಷದಿಂದ ಮೈಸೂರಲ್ಲಿದೀನಿ ಕಣೆ. ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಒಬ್ಳೇ ನಡೀತೀನಿ, ಮಂಜು ಇನ್ನೂ ನೀರಿನ ಮೇಲೇ ಇರತ್ತೆ, ಹಕ್ಕಿ ಸದ್ದು ಬಿಟ್ರೆ ಏನಿಲ್ಲ, ಆಮೇಲೆ ಇಡೀ ದಿನ ಆಫೀಸಲ್ಲಿ ಎಷ್ಟು ಜನ ಮಾತಾಡ್ಸಿದ್ರೂ ತಡ್ಕೋಬಹುದು. ಮನೆ ನೆನಪಾದ್ರೆ ತಾಳಗುಪ್ಪ ಟ್ರೇನ್ ಶಿವಮೊಗ್ಗ ಮೇಲೇ ಹೋಗತ್ತೆ. ಮಂಗಳೂರಿನ ಸೆಕೆ ನಮ್ಮ ಮಲ್ನಾಡವ್ರಿಗೆ ಕಷ್ಟ. ಆದ್ರೆ ಬೆಂಗಳೂರಷ್ಟು ಕೆಲಸ ಇಲ್ಲಿಲ್ಲ, ಆಫರ್ ಲೆಟರ್ ಕೈಗೆ ಬಂದ್ಮೇಲೇ ರೂಮ್ ಮಾಡು.

ತೀರ್ಥಹಳ್ಳಿ ಹುಡುಗಿ:
ಥ್ಯಾಂಕ್ಸ್ ಅಕ್ಕ. ಮೈಸೂರಲ್ಲೇ ಒಂದು ಇಂಟರ್‌ವ್ಯೂ ಇದೆ, ಮುಂದಿನ ವಾರ ಬರ್ತೀನಿ, ಒಂದಿನ ಮುಂಚೆನೇ ಬಂದು ಆ ಕೆರೆ ಸುತ್ತಿ ನೋಡ್ತೀನಿ.