ರಾಜಗೀರ್ ಗೃಧ್ರಕೂಟ: ಅವ್ವನಿಗೆ ಮೊಣಕಾಲು ನೋವು, ಬೆಟ್ಟ ಹತ್ತೋದು ಆಗುತ್ತಾ?

ಜೇವರ್ಗಿ ರೋಡ್
ಎಲ್ಲರಿಗೂ ಜೈ ಭೀಮ್, ನಮಸ್ಕಾರ. ನಾವು ಕಲಬುರಗಿಯವರು. ಬುದ್ಧ ಓಡಾಡಿದ ಗೃಧ್ರಕೂಟ ಬೆಟ್ಟ ಒಂದು ಸಲ ನೋಡಬೇಕು ಅಂತ ನಮ್ಮ ಅವ್ವನ ಆಸೆ. ಹುಣ್ಣಿಮೆ ಬಂತೆಂದರೆ ಇಲ್ಲಿನ ಬುದ್ಧ ವಿಹಾರಕ್ಕೆ ತಪ್ಪದೆ ಹೋಗುತ್ತಾಳೆ. ಆದರೆ ಈಚೆಗೆ ಮೊಣಕಾಲು ಹಿಡಿದುಕೊಂಡಿದೆ, ಮೆಟ್ಟಿಲು ಅಂದರೆ ಸಾಕು, ಮುಖ ಸಣ್ಣದು ಮಾಡುತ್ತಾಳೆ. ಬಿಹಾರದ ರಾಜಗೀರ್‌ಗೆ ಕರೆದುಕೊಂಡು ಹೋಗಿ, ಹಾಗೇ ಬೋಧಗಯಾ, ನಳಂದ ತೋರಿಸಿಕೊಂಡು ಬರೋಣ ಅಂತಿದ್ದೇನೆ. ಒಬ್ಬ ಟೂರಿನವರನ್ನು ಕೇಳಿದೆ. ರಾಜಗೀರ್‌ಗೆ ಅರ್ಧ ದಿನ ಸಾಕು, ರೋಪ್‌ವೇ ಹತ್ತಿಸಿ ಇಳಿಸಿಕೊಂಡು ಹೊರಡುತ್ತೇವೆ ಅಂದರು. ಅಷ್ಟು ದೂರ ಹೋಗಿ ಅರ್ಧ ದಿನ ನೋಡಿ ಬರೋದಾ?

ಗೃಧ್ರಕೂಟ ಅವ್ವನ ಕೈಲಿ ಹತ್ತೋದು ಆಗುತ್ತಾ? ಡಿಸೆಂಬರ್ ಕೊನೇ ವಾರ ಅಂತ ಲೆಕ್ಕ ಹಾಕಿದ್ದೇನೆ, ಸರಿಯಾ? ಟ್ರೇನ್ ಯಾವ ಕಡೆಯಿಂದ ಅನುಕೂಲ? ಮಗನಿಗೆ ಟ್ರೆಕ್ಕಿಂಗ್ ಹುಚ್ಚು, ಅವನೂ ನಾನೂ ನಡೆಯೋಕೆ ಬೇರೆ ಹಾದಿ ಇದ್ದರೆ ಅದನ್ನೂ ಹೇಳಿ.

ವಾಡಿ ಜಂಕ್ಷನ್
ಅಣ್ಣ, ಮೊದಲು ಇದೊಂದು ತಿಳಿದುಕೊಳ್ಳಿ. ರೋಪ್‌ವೇ ಹೋಗೋದು ಗೃಧ್ರಕೂಟಕ್ಕಲ್ಲ. ಅದು ಹೋಗೋದು ರತ್ನಗಿರಿ ಮೇಲಿನ ವಿಶ್ವಶಾಂತಿ ಸ್ತೂಪಕ್ಕೆ. ಜಪಾನಿನ ಭಿಕ್ಷುಗಳು ಕಟ್ಟಿಸಿದ್ದು, 1969ರಲ್ಲಿ ರಾಷ್ಟ್ರಪತಿ ವಿ.ವಿ. ಗಿರಿ ಉದ್ಘಾಟಿಸಿದರು. ಬೆಳ್ಳಗೆ ದೊಡ್ಡದಾಗಿದೆ, ನಾಲ್ಕೂ ದಿಕ್ಕಿಗೆ ಬಂಗಾರ ಬಣ್ಣದ ಮೂರ್ತಿಗಳಿವೆ, ಫೋಟೋ ಚೆನ್ನಾಗಿ ಬರುತ್ತೆ. ಆದರೆ ಬುದ್ಧ ಕೂತು ಉಪದೇಶ ಮಾಡಿದ ಜಾಗ ಅದಲ್ಲ, ಅದಕ್ಕಿಂತ ಕೆಳಗೆ ಬಂಡೆಗಳಿರೋ ಗುಡ್ಡ. ಟೂರ್ ಬಸ್ಸಿನವರು ಸ್ತೂಪ ತೋರಿಸಿ, ದೂರದಿಂದ ಬೆರಳು ಮಾಡಿ, ಅದೇ ಗೃಧ್ರಕೂಟ ನೋಡಿ ಅಂತ ಹೇಳಿ ವಾಪಸ್ ಕರೆದುಕೊಂಡು ಬರುತ್ತಾರೆ. ನಿಮ್ಮ ಟೂರಿನವರ ಅರ್ಧ ದಿನದ ಲೆಕ್ಕ ಅಲ್ಲೇ ಇರೋದು.

ಅವ್ವನಿಗೆ ಸುಲಭ ಅಂದರೆ ರೋಪ್‌ವೇಯಲ್ಲಿ ಸ್ತೂಪಕ್ಕೆ ಹೋಗಿ, ಅಲ್ಲಿಂದ ಕಾಲುಹಾದಿಯಲ್ಲಿ ಇಳಿದು ಗೃಧ್ರಕೂಟಕ್ಕೆ ಸೇರಿಕೊಳ್ಳೋದು. ಮಧ್ಯೆ ಸ್ವಲ್ಪ ಮಾತ್ರ ಹತ್ತಬೇಕು. ರೋಪ್‌ವೇ ಎರಡು ಥರ ಇದೆ. ಹಳೇದರಲ್ಲಿ ಒಬ್ಬೊಬ್ಬರೇ ಕೂರೋ ಕುರ್ಚಿ, ಅದು ನಿಲ್ಲೋದಿಲ್ಲ, ಹೋಗ್ತಾ ಇರುವಾಗಲೇ ಕೂತುಬಿಡಬೇಕು. 2021ರಲ್ಲಿ ಶುರುವಾದ ಹೊಸದರಲ್ಲಿ ಮುಚ್ಚಿದ ಕ್ಯಾಬಿನ್ ಇದೆ. ಅವ್ವನಿಗೆ ಕ್ಯಾಬಿನ್ನೇ ಸರಿ. ಬೆಳಿಗ್ಗೆ ಬೇಗ ಹೋಗಿ, ಹೊತ್ತಾದಂತೆ ಸಾಲು ಉದ್ದ ಆಗುತ್ತೆ.

ಬೀದರ್ ಸವಾರಿ
ಮೇಲಿನವರು ಹೇಳಿದ್ದರಲ್ಲಿ ಒಂದು ಮಾತು ಒಪ್ಪಲ್ಲ. ಮೊಣಕಾಲು ನೋವಿದ್ದವರಿಗೆ ಹತ್ತೋದಕ್ಕಿಂತ ಇಳಿಯೋದೇ ಕಷ್ಟ. ನಮ್ಮ ಅತ್ತೆಯನ್ನು ಕರೆದುಕೊಂಡು ಹೋದಾಗ ಉಲ್ಟಾ ಮಾಡಿದೆವು. ಬೆಳಿಗ್ಗೆ ಬಿಸಿಲೇರುವ ಮೊದಲು ಕೆಳಗಿನಿಂದಲೇ ನಡೆದೆವು, ಗೃಧ್ರಕೂಟದಲ್ಲಿ ಬೇಕಾದಷ್ಟು ಹೊತ್ತು ಕೂತೆವು, ಅಲ್ಲಿಂದ ನಿಧಾನಕ್ಕೆ ಸ್ತೂಪದ ಕಡೆ ಹತ್ತಿ, ಇಳಿಯೋಕೆ ಕ್ಯಾಬಿನ್ ಹಿಡಿದೆವು. ಕೆಳಗಿನ ಹಾದಿ ಬಿಂಬಿಸಾರನ ದಾರಿ ಅಂತಲೇ ಹೆಸರಾಗಿದೆ, ಬುದ್ಧನನ್ನು ಕಾಣಲು ರಾಜ ಮಾಡಿಸಿದ್ದು. ಈಗ ಹಾಸು ಹಾಕಿದ್ದಾರೆ, ಏರು ಮೆತ್ತಗಿದೆ, ನಡುನಡುವೆ ಮೆಟ್ಟಿಲು. ಆರೋಗ್ಯವಾಗಿರೋರು ಮುಕ್ಕಾಲು ತಾಸಿನೊಳಗೆ ಗೃಧ್ರಕೂಟ ಸೇರುತ್ತಾರೆ, ಅತ್ತೆಗೆ ಅದರ ಎರಡು ಪಟ್ಟು ಹಿಡೀತು. ಹಾದಿಯಲ್ಲಿ ಎರಡು ಸಣ್ಣ ಸ್ತೂಪಗಳ ಗುರುತಿದೆ. ಚೀನಾದ ಯಾತ್ರಿಕ ಹ್ಯೂಯೆನ್ ತ್ಸಾಂಗ್ ಬರೆದ ಪ್ರಕಾರ ಒಂದು ಕಡೆ ರಾಜ ರಥದಿಂದ ಇಳಿದ, ಇನ್ನೊಂದು ಕಡೆ ಹಿಂದೆ ಬಂದ ಜನರನ್ನು ವಾಪಸ್ ಕಳಿಸಿದ. ರಾಜನೇ ಇಳಿದು ನಡೆದ ಜಾಗ ಅಂತ ಹೇಳಿದ ಮೇಲೆ ಅತ್ತೆ ಡೋಲಿ ಮಾತೇ ಎತ್ತಲಿಲ್ಲ!

ಕೋಲು ತಗೊಂಡು ಹೋಗಿ, ಮಂಗಗಳಿವೆ, ಕೈಯಲ್ಲಿ ತಿನ್ನೋದು ಕಾಣೋ ಹಾಗೆ ಇಟ್ಟುಕೊಳ್ಳಬೇಡಿ.

ಡಿಸೆಂಬರ್ ಕೊನೇ ವಾರ ಬೇಡ. ಉತ್ತರದ ಕಡೆ ಆಗ ಮಂಜು, ಟ್ರೇನುಗಳು ತಾಸುಗಟ್ಟಲೆ ತಡ. ದೀಪಾವಳಿಯಿಂದ ಛಠ್ ಹಬ್ಬದವರೆಗೆ ಸಿಕಂದರಾಬಾದ್ ಕಡೆಯಿಂದ ಬಿಹಾರಕ್ಕೆ ಹೋಗೋ ಗಾಡಿಯಲ್ಲಿ ಕಾಲಿಡೋಕೂ ಜಾಗ ಇರಲ್ಲ, ಹೈದರಾಬಾದಿನಲ್ಲಿ ದುಡಿಯೋ ಅಲ್ಲಿಯ ಜನ ಎಲ್ಲ ಊರಿಗೆ ಹೊರಟಿರುತ್ತಾರೆ. ಛಠ್ ಮುಗಿದ ಮೇಲೆ ನವೆಂಬರ್ ಕೊನೆ ಇಲ್ಲ ಫೆಬ್ರವರಿ ನೋಡಿ. ಏಪ್ರಿಲ್ ನಂತರ ನಮ್ಮ ಬಿಸಿಲೇ ವಾಸಿ ಅನ್ನಿಸುತ್ತೆ.

ಟ್ರೇನ್: ಕಲಬುರಗಿಯಿಂದ ಹುಸೇನ್‌ಸಾಗರ್ ಹಿಡಿದು ಹೈದರಾಬಾದ್, ಮಾರನೇ ದಿನ ಸಿಕಂದರಾಬಾದ್–ದಾನಾಪುರ ಎಕ್ಸ್‌ಪ್ರೆಸ್. ಒಂದೂವರೆ ದಿನದ ಹತ್ತಿರ ಆಗುತ್ತೆ. ದಾನಾಪುರ ಅಂದರೆ ಪಟ್ನಾ ಪಕ್ಕವೇ, ಪಟ್ನಾದಿಂದ ರಾಜಗೀರ್ ಸುಮಾರು 100 ಕಿ.ಮೀ. ಈ ಗಾಡಿ ನಾಗಪುರದ ಮೇಲೆ ಹೋಗುತ್ತೆ, ಅಲ್ಲಿ ಒಂದು ದಿನ ಇಳಿದರೆ ದೀಕ್ಷಾಭೂಮಿ ಆಗುತ್ತೆ ಅಲ್ವಾ, 1956ರ ಅಕ್ಟೋಬರ್ 14ಕ್ಕೆ ಬಾಬಾಸಾಹೇಬರು ದೀಕ್ಷೆ ತಗೊಂಡ ಜಾಗ. ದಸರೆ ಗದ್ದಲ ಮುಗಿದ ಮೇಲೆ ಹೋದರೆ ಆರಾಮ. ಕಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಳ್ಳಿ, ಪ್ಯಾಂಟ್ರಿ ಊಟ ನೆಚ್ಚಬೇಡಿ. ದುಡ್ಡಿಗೆ ತೊಂದರೆ ಇಲ್ಲ ಅಂದರೆ ಹೈದರಾಬಾದಿನಿಂದ ಪಟ್ನಾಕ್ಕೆ ನೇರ ವಿಮಾನವೂ ಇದೆ.

ಮಲಗಿದ ಗುಡ್ಡ
ನಾನು ಶಹಾಪುರದವ. ನಮ್ಮೂರ ಗುಡ್ಡದಲ್ಲೇ ಬುದ್ಧ ಮಲಗಿದ್ದಾನೆ, ರಸ್ತೆಯಿಂದಲೇ ಕಾಣುತ್ತಾನೆ, ಮೊಣಕಾಲಿಗೂ ತೊಂದರೆ ಇಲ್ಲ, ಹಹ್ಹ.

ತಮಾಷೆ ಬಿಡಿ. ಹೋಗುವ ಮೊದಲು ಅವ್ವನಿಗೆ ಚಿತ್ತಾಪುರ ತಾಲೂಕಿನ ಸನ್ನತಿ, ಕನಗನಹಳ್ಳಿ ತೋರಿಸಿ. ನಮ್ಮ ಭೀಮಾ ದಂಡೆಯಲ್ಲೇ ಮಹಾಸ್ತೂಪ ಇತ್ತು, ಅಶೋಕನ ಚಿತ್ರ ಕೆತ್ತಿ ಬ್ರಾಹ್ಮಿಯಲ್ಲಿ 'ರಾಯ ಅಶೋಕ' ಅಂತ ಹೆಸರೇ ಬರೆದಿದ್ದಾರೆ. ಆ ಫಲಕಗಳಲ್ಲಿ ಬುದ್ಧನ ಕತೆಗಳನ್ನು ನೋಡಿಕೊಂಡು ಹೋದರೆ ರಾಜಗೀರ್‌ನಲ್ಲಿ ಬರೀ ಕಲ್ಲು ಇಟ್ಟಿಗೆ ಅನ್ನಿಸಲ್ಲ. ಅಲ್ಲಿಗೆ ಹೋಗಿ 'ಏನಿದೆ ಇಲ್ಲಿ' ಅನ್ನೋ ಜನ ಬಹಳ.

ವಾಡಿ ಜಂಕ್ಷನ್
ಇಳಿಯೋ ವಿಷಯದಲ್ಲಿ ಬೀದರಿನವರ ಮಾತೇ ಸರಿ ಇರಬಹುದು, ನಮ್ಮ ಜೊತೆ ವಯಸ್ಸಾದವರು ಇರಲಿಲ್ಲ. ಆದರೆ ಗೃಧ್ರಕೂಟದಿಂದ ಸ್ತೂಪಕ್ಕೆ ಹೋಗೋ ಏರು ಸಣ್ಣದೇನಲ್ಲ, ಅದನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಿ.

ನಿವೃತ್ತ ಮೇಷ್ಟ್ರು
ಗೃಧ್ರಕೂಟದ ನೆತ್ತಿಯಲ್ಲಿ ಏನೂ ಇಲ್ಲ ಅಂತ ಮೊದಲೇ ಅವ್ವನಿಗೆ ಹೇಳಿಬಿಡಿ. ಸಣ್ಣ ಗುಡಿಯ ಇಟ್ಟಿಗೆ ಅಡಿಪಾಯ, ಮೊಣಕಾಲೆತ್ತರದ ಗೋಡೆ, ಸುತ್ತ ಬಣ್ಣದ ಪತಾಕೆ, ಅಷ್ಟೇ. ನೋಡಬೇಕಾದ್ದು ಅದರ ಕೆಳಗಿನ ಗುಹೆಗಳನ್ನು. ಬುದ್ಧನ ಶಿಷ್ಯರಾದ ಆನಂದ, ಸಾರಿಪುತ್ರ ಇವರ ಹೆಸರಲ್ಲಿವೆ. ಒಳಗೆ ಬಂಡೆ ಮೇಣದ ಬತ್ತಿಯ ಹೊಗೆಗೆ ಕಪ್ಪಾಗಿದೆ, ಆ ಕಪ್ಪಿನ ಮೇಲೆ ಹೊರದೇಶದ ಯಾತ್ರಿಕರು ಅಂಟಿಸಿದ ಬಂಗಾರದ ರೇಕು ಚೂರುಚೂರಾಗಿ ಮಿನುಗುತ್ತಿರುತ್ತದೆ. ಥಾಯ್ಲೆಂಡ್, ಕೊರಿಯಾ, ಶ್ರೀಲಂಕಾದವರು ಗುಂಪಾಗಿ ಬಂದು ಸೂತ್ರ ಹೇಳುತ್ತಾರೆ. ಬೌದ್ಧರಲ್ಲಿ ಮಹಾಯಾನ ಪಂಥದವರಿಗೆ ಇದು ಬಹಳ ದೊಡ್ಡ ಜಾಗ, ಸದ್ಧರ್ಮಪುಂಡರೀಕ ಸೂತ್ರ ಉಪದೇಶವಾದದ್ದು ಇಲ್ಲೇ ಎಂದು ನಂಬುತ್ತಾರೆ. ಮೇಲೆ ಕೂತು ದಾನ ಹಾಕಿ, ಇಷ್ಟೇ ಹಾಕಿ ಅಂತ ಒತ್ತಾಯ ಮಾಡೋರೂ ಇರುತ್ತಾರೆ. ಸುಮ್ನೆ ಕೈ ಮುಗಿದು ಮುಂದೆ ಹೋಗಿ.

ಮೇಲಿಂದ ಬುದ್ಧನ ದಾಯಾದಿ ದೇವದತ್ತ ಬಂಡೆ ಉರುಳಿಸಿದ, ಅದರ ಚೂರು ಬಡಿದು ಬುದ್ಧನ ಕಾಲಿಗೆ ಗಾಯವಾಯಿತು ಎಂಬ ಕತೆ ಗೊತ್ತಲ್ಲ. ಹೊತ್ತು ತಂದು ಆರೈಕೆ ಮಾಡಿದ್ದು ವೈದ್ಯ ಜೀವಕನ ಮಾವಿನ ತೋಪಿನಲ್ಲಿ. ಆ ಜಾಗ ಬೆಟ್ಟದ ಬುಡದ ರಸ್ತೆಯಲ್ಲೇ ಸಿಗುತ್ತದೆ, ಕಲ್ಲಿನ ಅಡಿಪಾಯಗಳು ಉಳಿದಿವೆ. ಹತ್ತಿರದಲ್ಲೇ ಬಿಂಬಿಸಾರನ ಸೆರೆಮನೆ ಎನ್ನುವ ದಪ್ಪ ಗೋಡೆಯ ಕಟ್ಟೆ ಇದೆ. ಮಗ ಅಜಾತಶತ್ರು ಅಪ್ಪನನ್ನು ಅಲ್ಲಿ ಕೂಡಿಹಾಕಿದ, ಮುದುಕ ಅಲ್ಲಿಂದಲೇ ಗೃಧ್ರಕೂಟದ ಮೇಲೆ ಬುದ್ಧನನ್ನು ನೋಡುತ್ತಿದ್ದ ಎನ್ನುತ್ತಾರೆ. ಅಲ್ಲಿ ನಿಂತು ನೋಡಿ, ಬೆಟ್ಟ ನಿಜವಾಗಿಯೂ ಕಾಣುತ್ತದೆ. ಅವ್ವನಿಗೆ ಒಂದು ಮೆಟ್ಟಿಲೂ ಹತ್ತದೆ ನೋಡುವ ಜಾಗ ಇದೇ, ಟೂರಿನವರು ಇಲ್ಲಿ ಬಸ್ ನಿಲ್ಲಿಸುವುದೇ ಕಡಿಮೆ.

ನಿಮಗೂ ಮಗನಿಗೂ ನಡೆಯೋಕೆ ವೈಭಾರಗಿರಿ. ಬಿಸಿನೀರಿನ ಬುಗ್ಗೆಗಳ ಹಿಂದಿನಿಂದ ಮೆಟ್ಟಿಲು ಶುರು. ಸ್ವಲ್ಪ ಮೇಲೆ ಗಾರೆ ಇಲ್ಲದೆ ದೊಡ್ಡ ದೊಡ್ಡ ಕಲ್ಲು ಪೇರಿಸಿದ ಕಟ್ಟೆ ಸಿಗುತ್ತದೆ, ಜರಾಸಂಧನ ಬೈಠಕ್ ಅಂತಾರೆ. ಬೆಟ್ಟದ ಮೇಲೆ ಜೈನ ಬಸದಿಗಳು. ಅವನ್ನು ದಾಟಿ ಆಚೆ ಬದಿಗೆ ಇಳಿದರೆ ಸಪ್ತಪರ್ಣಿ ಗುಹೆ. ಬುದ್ಧನ ಪರಿನಿರ್ವಾಣದ ನಂತರ ಮೊದಲ ಸಂಗೀತಿ, ಅಂದರೆ ಭಿಕ್ಷುಗಳ ಮಹಾಸಭೆ, ನಡೆದದ್ದು ಅಲ್ಲೇ ಎಂಬ ನಂಬಿಕೆ. ಮಹಾಕಾಶ್ಯಪ ಮುಂದಾಳು, ಉಪಾಲಿ ವಿನಯ (ಭಿಕ್ಷುಗಳ ನಿಯಮ) ಹೇಳಿದ, ಆನಂದ ಸುತ್ತ (ಬುದ್ಧನ ಉಪದೇಶ) ಹೇಳಿದ. ಐನೂರು ಭಿಕ್ಷುಗಳು ಈ ಬಿರುಕುಗಳಲ್ಲಿ ಹೇಗೆ ಕೂತರು ಅಂತ ನಿಮ್ಮ ಮಗ ಕೇಳೇ ಕೇಳುತ್ತಾನೆ. ಗುಹೆ ಮುಂದಿನ ಬಯಲು ತೋರಿಸಿ. ನೀರು ಕೆಳಗಿನಿಂದಲೇ ಒಯ್ಯಿರಿ. ಯಾವ ಬೆಟ್ಟವಾದರೂ ಕತ್ತಲಾಗುವ ಮೊದಲೇ ಇಳಿದುಬಿಡಿ.

ಜೇವರ್ಗಿ ರೋಡ್
ಮೇಷ್ಟ್ರೇ, ಎಲ್ಲರಿಗೂ ಬಹಳ ಬಹಳ ಧನ್ಯವಾದ. ಟೂರಿನವರಿಗೆ ಬೇಡ ಅಂದೆ. ಫೆಬ್ರವರಿಗೆ ಟಿಕೆಟ್ ನೋಡುತ್ತೇನೆ, ಮಗನ ಶಾಲೆಗೆ ರಜಾ ಚೀಟಿ ಕೊಟ್ಟರಾಯಿತು. ಸೆರೆಮನೆ ವಿಷಯ ಓದಿ ಹೇಳಿದೆ, ಅವ್ವ ಮೊದಲು ಅಲ್ಲಿಗೇ ಹೋಗೋಣ ಅಂತಿದ್ದಾಳೆ. ಬಿಸಿನೀರಿನ ಬುಗ್ಗೆ ಅಂದಿರಲ್ಲ, ಮೊಣಕಾಲಿಗೆ ಒಳ್ಳೆಯದಾ? ಹೆಂಗಸರು ಸ್ನಾನ ಮಾಡಬಹುದಾ?

ಬೀದರ್ ಸವಾರಿ
ಬ್ರಹ್ಮಕುಂಡದಲ್ಲಿ ಗದ್ದಲ ಜಾಸ್ತಿ, ಮೆಟ್ಟಿಲು ಒದ್ದೆ, ಜಾರುತ್ತೆ. ಅತ್ತೆ ಒಳಗೆ ಇಳಿಯಲಿಲ್ಲ, ತಂಬಿಗೆಯಲ್ಲಿ ತುಂಬಿಸಿಕೊಟ್ಟೆವು, ಬದಿಯಲ್ಲಿ ಕೂತು ಕಾಲಿಗೆ ಹಾಕಿಕೊಂಡರು. ಅಷ್ಟು ಸಾಕು. ಮತ್ತೆ ನಳಂದಕ್ಕೆ ಹೋಗುವಾಗ ಸಿಲಾವ್‌ನಲ್ಲಿ ಗಾಡಿ ನಿಲ್ಲಿಸಿ ಖಾಜಾ ಅನ್ನೋ ಸಿಹಿತಿಂಡಿ ತಗೊಳ್ಳಿ, ಪದರ ಪದರ ಇರುತ್ತೆ, ಊರಿಗೆ ಬರೋವರೆಗೂ ಕೆಡಲ್ಲ.